ಮದ್ದು ಹುಡುಕಿಕೊಟ್ಟ ಹುಡುಗಿ

ದೀನದಯಾಳನ್ ತುಡಿಯಲೂರಿನಲ್ಲಿ ಹೆಂಡತಿ ವಿಜಯಕುಮಾರಿಯ ಜೊತೆ ಪವರ್‌ಲೂಮ್ ಓಡಿಸಿಕೊಂಡಿದ್ದ. ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದಾಗ, ಪೀಳಮೇಡಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ಕಂಬಿ ಹಾಕಿದರು. ಮೂಳೆಯೇನೋ ಸರಿಯಾಗಿ ಕೂತಿತು. ಆದರೆ ಹೊಲಿಗೆ ಹಾಕಿದ ಜಾಗ ಊದಿ, ಕೀವು ಕಟ್ಟಿತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರೂ ಜ್ವರ ಜಗ್ಗಲಿಲ್ಲ.

ಡಾಕ್ಟರ್ ಇಳಂಗೋ ಗಾಯವನ್ನು ಮತ್ತೆ ಬಿಡಿಸಿ ತೊಳೆದು, ಕೀವನ್ನು ಪರೀಕ್ಷೆಗೆ ಕಳುಹಿಸಿದರು. ವಿಜಯಕುಮಾರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: ಇದು ಎಷ್ಟೋ ಜನರ ಚರ್ಮದ ಮೇಲೆ, ಮೂಗಿನೊಳಗೆ ಸುಮ್ಮನಿರುವ ಸ್ಟೆಫಿಲೊಕಾಕಸ್ ಎಂಬ ಕ್ರಿಮಿ, ಆದರೆ ಬಹಳ ಮದ್ದುಗಳನ್ನು ಎದುರಿಸಿ ಉಳಿದ ತಳಿ. ಬಹುಶಃ ಆಸ್ಪತ್ರೆಯಲ್ಲೇ ಅಂಟಿರಬೇಕು. ಇದು ಯಾವುದಕ್ಕೆ ಬಗ್ಗುತ್ತದೆಂದು ಲ್ಯಾಬಿನವರು ಹೇಳುವವರೆಗೆ ಕಾಲು ಉಳಿಯುತ್ತದೆಂದು ಮಾತು ಕೊಡಲಾರೆ.

ಅವನನ್ನು ಬೇರೆ ಕೋಣೆಗೆ ಹಾಕಿದರು. ಒಳಗೆ ಬರುವ ನರ್ಸುಗಳೆಲ್ಲ ಗೌನು, ಕೈಗವಸು ತೊಟ್ಟೇ ಬರುತ್ತಿದ್ದರು. ವಿಜಯಕುಮಾರಿ ಕೈ ತೊಳೆದೂ ತೊಳೆದೂ ಬೆರಳಿನ ಚರ್ಮ ಸುಲಿಯಿತು.

ಕೊನೆಗೆ ಲ್ಯಾಬಿನಿಂದ ಫೋನು ಬಂತು. ಹೊಸ ಮದ್ದು ಶುರುವಾಯಿತು. ಒಂದು ಬೆಳಿಗ್ಗೆ ದೀನದಯಾಳನ್ ಕಣ್ಣು ಬಿಟ್ಟು, "ರಸಂ ಸೋರು ಸಿಕ್ತದಾ?" ಅಂದ. ಎಷ್ಟೋ ದಿನದ ಮೇಲೆ ಅನ್ನ ಕೇಳಿದನೆಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಹೋಗುವ ದಿನ ಅವನು ಡಾಕ್ಟರಿಗೆ ಕೈ ಮುಗಿದ. ಅವರು ನಕ್ಕು, "ನನಗಲ್ಲ. ಮದ್ದು ಯಾವುದೆಂದು ತೋರಿಸಿದವರು ಕೆಳಗಡೆ ಲ್ಯಾಬಿನಲ್ಲಿದ್ದಾರೆ," ಎಂದರು. ಅವರನ್ನು ನೋಡಲೇಬೇಕೆಂದು ಅವನು ಹಟ ಹಿಡಿದ. ವಿಜಯಕುಮಾರಿ ಗಾಲಿಕುರ್ಚಿ ತಳ್ಳಿಕೊಂಡು ಲ್ಯಾಬಿನ ಬಾಗಿಲಿಗೆ ಕರೆದೊಯ್ದಳು.

ಹೊರಗೆ ಬಂದವಳು ಕೃತ್ತಿಕಾ, ಲ್ಯಾಬ್ ಟೆಕ್ನಿಷಿಯನ್. ಸುತ್ತಲೂ ತಮಿಳೇ ಕೇಳುವ ಆ ಆಸ್ಪತ್ರೆಯಲ್ಲಿ ಗಂಡ ಹೆಂಡಿರ ಕನ್ನಡ ಮಾತು ಕೇಳಿ ಅವಳ ಮುಖ ಅರಳಿತು.

"ನೀವೂ ಕನ್ನಡದೋರಾ? ನಮ್ಮನೇಲೂ ಇದೇ ಮಾತು."

"ನನ್ನ ಕಾಲು ಉಳಿಸಿದ್ದು ನೀನೇನಾ ಅಮ್ಮಣಿ?"

"ಅಯ್ಯೋ, ನಾನು ಪರೀಕ್ಷೆ ಮಾಡ್ದೆ ಅಷ್ಟೇ." ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ತಿಳಿ ಹಳದಿ ತಟ್ಟೆ, ಅದರ ತುಂಬ ಬೂಷ್ಟಿನಂಥ ಮಸುಕು, ಅಲ್ಲಲ್ಲಿ ಬಿಳಿ ಬಿಲ್ಲೆಗಳು. "ಒಂದೊಂದು ಬಿಲ್ಲೆಲೂ ಒಂದೊಂದು ಮರುಂದು, ಮದ್ದು. ಇಲ್ಲೆಲ್ಲ ಕಿರುಮಿ ಬಿಲ್ಲೆ ಅಂಚಿಗೇ ಬೆಳೆದದೆ, ಅಂದ್ರೆ ಆ ಮರುಂದಿಗೆ ಹೆದರಿಲ್ಲ. ಇದರ ಸುತ್ತ ಮಾತ್ರ ಖಾಲಿ. ಅದೇ ನಿಮ್ಮದು."

ಅವನು ಬಹಳ ಹೊತ್ತು ನೋಡಿದ. ವಿಜಯಕುಮಾರಿ ಹೇಳಿದಳು: "ನೀ ಚೆನ್ನಾಗಿರ್ಬೇಕು ನನ್ ಕಣ್ಣೇ."

ಕೃತ್ತಿಕಾಳ ಕಣ್ಣು ತುಂಬಿತು. "ರೋಗಿಗಳ ಹೆಸರು ಚೀಟಿ ಮೇಲೆ ಮಾತ್ರ ನೋಡ್ತೀನಿ ಅಕ್ಕಾ. ಯಾರೂ ಇಲ್ಲಿಗೆ ಬರಲ್ಲ," ಅಂದಳು. ಆಮೇಲೆ ಗದರುವ ದನಿಯಲ್ಲಿ, "ಮಾತ್ರೆ ಪೂರ್ತಿ ಮುಗಿಸ್ಬೇಕು ಅಣ್ಣಾ. ಸರಿಹೋಯ್ತು ಅಂತ ಬಿಟ್ಬಿಡಬೇಡಿ."

ಅವನು ಒಂದನ್ನೂ ಬಿಡಲಿಲ್ಲ. ಪಕ್ಕದ ಮನೆಯ ದೊರೈಸಾಮಿ ತನ್ನ ಹಲ್ಲುನೋವಿಗೆಂದು ಎರಡು ಕೇಳಲು ಬಂದಾಗ, "ಹಂಚ್ಕೊಳ್ಳೋ ಮರುಂದಲ್ಲ ಮಾಮಾ, ಡಾಕ್ಟರ್ ಹತ್ರ ಹೋಗೋಣ ಬನ್ನಿ," ಎಂದು ಕೋಲೂರಿಕೊಂಡು ತಾನೇ ಜೊತೆಗೆ ಹೊರಟ.

ದೀಪಾವಳಿಯ ಹೊತ್ತಿಗೆ ಕೋಲು ಬೇಡವಾಯಿತು. ಹಬ್ಬದ ಮರುದಿನ ಇಬ್ಬರೂ ಬಸ್ಸು ಹತ್ತಿ ಪೀಳಮೇಡಿಗೆ ಹೋದರು. ಮನೆಯ ಮಗ್ಗದಲ್ಲೇ ನೇಯ್ದ ಸೀರೆಯನ್ನು ಕೃತ್ತಿಕಾಳ ಕೈಯಲ್ಲಿಟ್ಟು, ಅವಳು ಬೇಡವೆನ್ನುವ ಮೊದಲೇ ದೀನದಯಾಳನ್ ಮೆಟ್ಟಿಲೇರಿ ಹೊರಟುಬಿಟ್ಟ.