ನಮ್ಮ ವ್ಯಾಪ್ತಿಗೆ ಬರಲ್ಲ

ಮಕ್ಕಳ ರಕ್ಷಣಾ ಕಚೇರಿಯಲ್ಲಿ ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ. ಅಷ್ಟರಲ್ಲೇ ಬಟ್ಟೆ ಹೊಲಿದು ಜೀವನ ಮಾಡುವ ಅಜ್ಜಿಯೊಬ್ಬಳು ಮೊಮ್ಮಗಳ ಕೈಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹುಡುಗಿಗೆ ಏಳೋ ಎಂಟೋ ವಯಸ್ಸು. ಪುಟ್ಟ ಮುಖಕ್ಕೆ ದಪ್ಪ ಗಾಜಿನ ಕನ್ನಡಕ. ಅಜ್ಜಿ ಅವಳನ್ನು ಗುಬ್ಬಿ ಎನ್ನುತ್ತಿದ್ದಳು.

“ಮತ್ತೆ ಬಂದ್ರಾ?” ಎಂದರು ಅಧಿಕಾರಿಣಿ, ಕೈಚೀಲವನ್ನು ಕುರ್ಚಿಗೆ ನೇತುಹಾಕುತ್ತ.

“ಇನ್ನೆಲ್ಲಿಗೆ ಹೋಗ್ಲಿ ತಾಯಿ? ಇವಳಪ್ಪನ ಊರಿನ ಕಚೇರಿಗೂ ಹೋಗಿದ್ದೆ. ಮಗು ಈಗ ನಿಮ್ಮನೇಲಿದೆ, ನಿಮ್ಮೂರಿನವರೇ ನೋಡ್ಬೇಕು ಅಂದ್ರು.”

“ಮಗುವಿನ ವಿಳಾಸ ಅವಳಪ್ಪನ ಮನೇದು. ರಜೆಗೆ ಅಂತ ಕರ್ಕೊಂಡು ಬಂದು ಇಟ್ಕೊಂಡಿರೋರು ನೀವು. ಇದು ನಮ್ಮ ವ್ಯಾಪ್ತಿಗೆ ಬರಲ್ಲ.”

ವರ್ಷಗಳಿಂದ ಆ ಮಾತು ಅಧಿಕಾರಿಣಿಯ ಬಾಯಿಗೆ ಒಗ್ಗಿಹೋಗಿತ್ತು. ಕೈತುಂಬ ಕೆಲಸ, ಜನ ಕಡಿಮೆ. ಹಾಗೆ ಅಂದುಬಿಟ್ಟರೆ ಒಂದು ತಲೆನೋವಾದರೂ ಬೇರೆ ಊರಿಗೆ ಸಾಗುತ್ತಿತ್ತು.

ಅಜ್ಜಿ ದನಿ ತಗ್ಗಿಸಿದಳು. “ಏನಾಯ್ತು ಅಂದ್ರೆ ಬಾಯೇ ಬಿಡಲ್ಲ ತಾಯಿ. ನಿದ್ದೇಲಿ ಮಾತ್ರ ತಪ್ಪಾಯ್ತು, ತಪ್ಪಾಯ್ತು ಅಂತಿರುತ್ತೆ.”

“ಇವಳಪ್ಪಾನೂ ಬರ್ತಿದ್ದಾರೆ. ಇಲ್ಲೇ ಮಾತಾಡಿ ಕರ್ಕೊಂಡು ಹೋಗ್ಲಿ.”

“ಅಯ್ಯೋ, ಕರೆಸಿಬಿಟ್ರಾ?” ಅಜ್ಜಿಯ ಮುಖ ಬಿಳಚಿಕೊಂಡಿತು.

ಹೊರಗೆ ಬೈಕೊಂದು ಬಂದು ನಿಂತಿತು. ಬೆಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದ ಗುಬ್ಬಿ ತಟ್ಟನೆ ಕಾಲು ನಿಲ್ಲಿಸಿದಳು.

ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ಮಾತು. ಅಪ್ಪ ಬಂದವನೇ ಕೈಮುಗಿದ. “ಮೇಡಂ, ಹೆಂಡ್ತಿ ಹೋದ್ಮೇಲೆ ನಂಗಿರೋದು ಇದೊಂದೇ. ಅತ್ತೆಯವರ ಸಂಕಟ ನಂಗೂ ಗೊತ್ತು. ಹಾಗಂತ ಒಂದೇ ಕೋಣೇಲಿ, ಹೊಲಿಗೆ ಮಿಷನ್ ಪಕ್ಕ ಮಗು ಬೆಳೀಬೇಕಾ? ಶಾಲೆ ಬೇರೆ ತಪ್ತಿದೆ. ಅಪ್ಪ ಆದವನು ಸ್ವಲ್ಪ ಶಿಸ್ತು ಕಲಿಸಿದ್ರೆ ತಪ್ಪಾ?”

“ಶಿಸ್ತಂತೆ!” ಎಂದಳು ಅಜ್ಜಿ.

ಅವನು ಅತ್ತ ನೋಡಲೂ ಇಲ್ಲ. ಅಧಿಕಾರಿಣಿಗೆ ಅವನ ಮಾತು ಸರಿಯೆನಿಸಿತ್ತು, ತಲೆಯಾಡಿಸಿದರು.

“ಪುಟ್ಟೀ, ಬಾ. ಹೊರಡೋಣ,” ಎಂದ ಅಪ್ಪ.

ಗುಬ್ಬಿ ಎದ್ದಳು. ಅಳಲಿಲ್ಲ, ಹಟ ಮಾಡಲಿಲ್ಲ. ಕನ್ನಡಕ ತೆಗೆದು, ಮಡಚಿ, ಅಜ್ಜಿಯ ಅಂಗೈಯಲ್ಲಿಟ್ಟಳು. ಆಮೇಲೆ ಮೇಜಿನ ಅಂಚನ್ನು ತಡವುತ್ತ ಅಪ್ಪನ ಕಡೆ ಹೆಜ್ಜೆಯಿಟ್ಟಳು.

“ನಿಲ್ಲು ಮರಿ. ಕನ್ನಡಕ ಯಾಕೆ ತೆಗ್ದೆ?” ಎಂದರು ಅಧಿಕಾರಿಣಿ.

“ಮುಖದ ಮೇಲಿದ್ದಾಗ ಒಡೆದ್ರೆ ಗಾಜು ಚುಚ್ಚುತ್ತೆ,” ಎಂದಳು ಗುಬ್ಬಿ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ.

ಅಪ್ಪ ನಕ್ಕ. “ಮಕ್ಕಳಲ್ವಾ, ಏನೇನೋ ಹೇಳ್ತಾವೆ.” ಬೈಕಿನ ಕೀಲಿಯನ್ನು ಹಿಡಿದ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಅಧಿಕಾರಿಣಿ ಮೇಲಧಿಕಾರಿಗೆ ಫೋನು ಹಚ್ಚಿದರು. “ಇಲ್ಲದ ಉಸಾಬರಿ ಯಾಕ್ರೀ ಮೈಮೇಲೆ ಎಳ್ಕೋತೀರಿ? ಆ ಊರಿಗೆ ದಾಟಿಸಿ,” ಎಂದು ಆ ಕಡೆಯಿಂದ ಗದರಿಕೆ ಬಂತು.

“ಇಲ್ಲ ಸಾರ್. ಇದನ್ನ ನಾವೇ ತಗೋತೀವಿ.”

ಫೋನು ಇಟ್ಟರು. “ಮೊದಲು ಡಾಕ್ಟರು ನೋಡ್ಲಿ,” ಎಂದರು ಅಪ್ಪನಿಗೆ. “ವಿಚಾರಣೆ ಮುಗಿಯೋವರೆಗೂ ಮಗು ಅಜ್ಜಿ ಹತ್ರಾನೇ ಇರುತ್ತೆ. ಹೊಣೆ ನಮ್ಮದು. ನಿಮ್ಮ ಮಾತನ್ನೂ ಕೇಳ್ತೀವಿ.”

ಅವನು ದನಿ ಏರಿಸಲಿಲ್ಲ. “ನಿಮಗೂ ಮಕ್ಕಳಿದ್ದಾರಲ್ವಾ ಮೇಡಂ? ಯಾವ ಶಾಲೆ?” ಎಂದ. ಉತ್ತರಕ್ಕೆ ಕಾಯದೆ ಹೊರನಡೆದ.

ಕಿಟಕಿಯಿಂದ ನೋಡಿದರೆ, ಗೇಟಿನ ಬಳಿ ಬೈಕಿಗೆ ಒರಗಿ ನಿಂತಿದ್ದ. ಹೊರಡುವ ಲಕ್ಷಣವಿರಲಿಲ್ಲ.

“ಅವನು ಹೋದ್ಮೇಲೆ ಆಸ್ಪತ್ರೆಗೆ ಹೊರಡೋಣ್ವಾ ಮೇಡಂ?” ಕಚೇರಿಯ ಗುಮಾಸ್ತ ಕೇಳಿದ.

“ಅವನು ಹೋಗಲ್ಲ ಕಣ್ರೀ. ಜೀಪು ತರೋಕೆ ಹೇಳಿ.”

ಅಜ್ಜಿ, ಮೊಮ್ಮಗಳು ಹಿಂದಿನ ಸೀಟಿನಲ್ಲಿ ಕೂತರು. ಗೇಟು ಕಂಡದ್ದೇ ಗುಬ್ಬಿ ಮೊಣಕಾಲು ಮಡಚಿ ಮುದುಡಿಕೊಂಡಳು. ಯಾವಾಗಲೂ ಡ್ರೈವರಿನ ಪಕ್ಕ ಕೂರುವ ಅಧಿಕಾರಿಣಿ ಅಂದು ಹಿಂದಿನ ಬಾಗಿಲು ತೆಗೆದರು. ಮಗುವನ್ನು ನಡುವೆ ಸರಿಸಿ, ಅವನು ನಿಂತಿದ್ದ ಕಡೆಯ ಕಿಟಕಿಯ ಬಳಿ ತಾವು ಕೂತರು.

“ನಡೀರಿ,” ಎಂದರು.