ಎಡಕ್ಕೇ ನಡೆಯುವ ಪ್ರಾಣಿ

ಜ್ವರದಲ್ಲಿ ತೀರಿಕೊಂಡ ಮಗ ಸದಾ ಆಡುತ್ತಿದ್ದ ಆಟವನ್ನು ದರ್ಜಿ ಮೊದಲ ಸಲ ಕಂಪ್ಯೂಟರಿನಲ್ಲಿ ತೆರೆದ. ಮಗನ ಯೋಧ ಕಾಡಿನಲ್ಲಿ ಹೆಜ್ಜೆ ಹಾಕಿದರೆ, ಕೊಂಬಿರುವ ತೋಳದಂಥ ಪ್ರಾಣಿಯೊಂದು ಅವನ ಎಡಕ್ಕೇ ಅಂಟಿಕೊಂಡು ಬರುತ್ತಿತ್ತು. ಬಲಕ್ಕೆ ಅಟ್ಟಿದರೂ ಸುತ್ತಿ ಬಂದು ಎಡಕ್ಕೇ ನಿಲ್ಲುತ್ತಿತ್ತು.

"ಇದೆಂಥಾ ಮೊಂಡು ಮುಂಡೇದು!" ಎಂದು ರೇಗಿದ.

"ಅಣ್ಣನೇ ಹಾಗೆ ಪಳಗಿಸಿದ್ದಪ್ಪ," ಎಂದಳು ಮಗಳು. "ಹೆಸರು ಮಾತ್ರ ಇಟ್ಟೇ ಇಲ್ಲ ನೋಡು. ನೀನೇ ಒಂದು ಇಡು."

ದರ್ಜಿಯ ಕೈ ಕೀಲಿಮಣೆಯ ಮೇಲೇ ನಿಂತಿತು. ಮಗನ ಎಡಗಿವಿ ಹುಟ್ಟಿನಿಂದಲೇ ಕಿವುಡು. ಗಾಡಿ ಬಂದರೆ ಕೇಳಿಸದೆಂದು ಬೀದಿಯಲ್ಲಿ ಯಾವಾಗಲೂ ಅವನ ಎಡಕ್ಕೆ ನಡೆಯುತ್ತಿದ್ದವನು ತಾನೇ.

"ಹೆಸರು ಬೇಡ ಬಿಡಮ್ಮ," ಎಂದ. "ಪಕ್ಕದಲ್ಲೇ ಇರೋರನ್ನ ಅವನು ಯಾವತ್ತು ಕೂಗಿ ಕರೆದಿದ್ದಾನೆ?"