ಉಗುರಿನ ನಿಯಮ

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಬೆರಳುಗಳ ನಡುವೆ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಹಿಂಬಾಗಿಲನ್ನು ಯಾರೋ ಮೆಲ್ಲಗೆ ಎರಡು ಸಲ ತಟ್ಟಿದರು. ಆ ಬಾಗಿಲಿನಿಂದ ನಮ್ಮ ಮನೆಗೆ ಬರುವುದು ಪಕ್ಕದ ಮನೆಯ ಬೆಕ್ಕು ಮಾತ್ರ. ಅದು ತಟ್ಟುವುದಿಲ್ಲ. ಕೂದಲು ಬಿಟ್ಟರೆ ಮತ್ತೆ ಮೊದಲಿನಿಂದ ಬಾಚಬೇಕು. ಬಿಡದೆ, ಮಗಳನ್ನು ಹಾಗೇ ನಡೆಸಿಕೊಂಡು ಹೋಗಿ ಮೊಣಕೈಯಿಂದ ಚಿಲಕ ಸರಿಸಿದೆ.

ಗಡಿಯಾರ ರಿಪೇರಿಯವರು ನಿಂತಿದ್ದರು. ನಮ್ಮ ಮಾವನ ಬಾಲ್ಯದ ಗೆಳೆಯ. ನಾನು ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಅವರು ಬೀದಿಯ ತುದಿಯಿಂದಲೇ ಕೂಗಿಕೊಂಡು ಮುಂಬಾಗಿಲಿಗೆ ಬರದ ದಿನವನ್ನು ನಾನು ಕಂಡಿಲ್ಲ.

"ಅವನು ಸ್ನಾನಕ್ಕೆ ಹೋದನಾ?" ಎಂದು ಪಿಸುಗುಟ್ಟಿದರು.

"ಈಗಷ್ಟೇ ಹೋದ್ರು. ಬನ್ನಿ ಒಳಗೆ. ಇದ್ಯಾಕೆ ಹಿಂದಿನಿಂದ ಬಂದ್ರಿ?"

"ಕಳ್ಳ ಮುಂದಿನಿಂದ ಬರ್ತಾನೇನಮ್ಮ?"

ನಗಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಸ್ನಾನದ ಮನೆಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಆ ಸದ್ದು ಇರುವವರೆಗೆ ಮಾತಾಡಬಹುದು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಕೊಂಬಿನ ಹಿಡಿಯ ಚಾಕು ಬೇಕು," ಎಂದರು. "ಒಂದು ದಿನಕ್ಕೆ. ಅವನಿಗೆ ಗೊತ್ತಾಗಬಾರದು."

ಮಾವ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವರು. ನಿವೃತ್ತರಾಗಿ ಬಹಳ ಕಾಲವಾದರೂ ಗೆಳೆಯರಿಗೆ ಈಗಲೂ ಮೇಷ್ಟ್ರೇ. ಅವರ ಹತ್ತಿರ ನಲವತ್ತಮೂರು ಹಳೆಯ ಮಡಚುವ ಚಾಕುಗಳಿವೆ. ಮೂಳೆ, ಕೊಂಬು, ಮರದ ಹಿಡಿಯವು, ಬೆರಳಷ್ಟು ಉದ್ದದವು, ಒಂದು ಕಾಲದಲ್ಲಿ ಯಾರ ಯಾರದೋ ಜೇಬಿನಲ್ಲಿದ್ದು ಪೆನ್ಸಿಲು ಹೆರೆದು, ಹಗ್ಗ ಕತ್ತರಿಸಿ, ಹಣ್ಣು ಸುಲಿದು ಕಪ್ಪಾದವು. ಅವುಗಳಿಗೆಂದು ಅವರೇ ಒಂದು ಪೆಟ್ಟಿಗೆ ಮಾಡಿದ್ದಾರೆ, ಒಳಗೆ ಹಸಿರು ಬಟ್ಟೆ, ಒಂದೊಂದಕ್ಕೂ ಒಂದೊಂದು ಗುಳಿ. ಪ್ರತಿದಿನ ಬೆಳಿಗ್ಗೆ ತಿಂಡಿಗೆ ಮೊದಲು ಎಲ್ಲವನ್ನೂ ಒಂದು ಸಲ ತೆಗೆದು ಮುಚ್ಚಬೇಕು. ನಲವತ್ತಮೂರು ಸಲ 'ಟಕ್'. ಅದು ಮುಗಿದ ಮೇಲೆಯೇ ನಾನು ತಟ್ಟೆ ಇಡುವುದು.

ಭಾನುವಾರ ಬೆಳಿಗ್ಗೆ ಗಡಿಯಾರದವರು, ಮತ್ತೆ ಪುಸ್ತಕಗಳಿಗೆ ಬೈಂಡು ಹಾಕುವವರು, ಇಬ್ಬರೂ ತಮ್ಮ ತಮ್ಮ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಮುಂದಿನ ಕೋಣೆಯ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ತಮ್ಮ ಚಾಕು ತೆಗೆದು ಬಟ್ಟೆಯ ಮೇಲಿಟ್ಟರೆ ಉಳಿದವರು ಕೈಕಟ್ಟಿಕೊಂಡು ನೋಡುತ್ತಾರೆ. ಇನ್ನೊಬ್ಬರ ಚಾಕು ಮುಟ್ಟುವಂತಿಲ್ಲ, ಬೆವರು ತಾಗಿದರೆ ಹಳೆಯ ಉಕ್ಕು ಕಲೆಯಾಗುತ್ತದೆ. ಎಣ್ಣೆ ಹಾಕುವ ಕೆಲಸ ಮಾತ್ರ ಗಡಿಯಾರದವರದು.

ಇನ್ನೊಂದು ನಿಯಮವಿದೆ. ಅದನ್ನು ಮಾಡಿದ್ದು ಮಾವ. ತನ್ನ ಚಾಕುವನ್ನು ತನ್ನ ಉಗುರಿನಿಂದಲೇ ತೆಗೆಯಬೇಕು. ಅಲಗಿನ ಪಕ್ಕದಲ್ಲಿ ಉಗುರು ಸಿಕ್ಕಿಸಲು ಸಣ್ಣ ಗೀರು ಇರುತ್ತದೆ. ಹೆಬ್ಬೆರಳ ಉಗುರು ಅಲ್ಲಿಟ್ಟು ಎಳೆಯಬೇಕು, ಒಳಗಿನ ಸ್ಪ್ರಿಂಗು ಬಿಡುವುದಿಲ್ಲ ಎಂದು ಹಟ ಹಿಡಿಯುತ್ತದೆ, ಆಮೇಲೆ ಬಿಡುತ್ತದೆ. ಹಾಗೆ ತೆಗೆಯಲಾಗದವನು ಮೇಜಿಗೆ ಬರುವಂತಿಲ್ಲ.

ಮೊದಲು ಮೇಜಿನ ಸುತ್ತ ನಾಲ್ಕು ಜನರಿದ್ದರು. ನಾಲ್ಕನೆಯವರು ಮೂಲೆಯ ಅಂಗಡಿಯ ದರ್ಜಿ. ಆರು ವರ್ಷದ ಹಿಂದೆ ಅವರ ಬೆರಳ ಗಂಟುಗಳು ಊದಿಕೊಂಡವು. ಒಂದು ಭಾನುವಾರ, "ಮೇಷ್ಟ್ರೇ, ಇದನ್ನೊಂಚೂರು ತೆಗೆದುಕೊಡ್ತೀರಾ," ಎಂದು ಚಾಕು ಚಾಚಿದರು. ಮಾವ ಕೈ ಚಾಚಲಿಲ್ಲ. "ತೆಗೆಯೋಕಾಗದೆ ಇರೋನ ಹತ್ರ ಇರೋದು ಚಾಕು ಅಲ್ಲ, ಕಡ್ಡಿ," ಎಂದರು. ನಾನು ಚಹಾ ತರುತ್ತಿದ್ದೆ, ಕಿವಿಯಾರೆ ಕೇಳಿದೆ. ದರ್ಜಿ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡರು, ಚಹಾ ಕುಡಿದೇ ಹೋದರು, ಮತ್ತೆ ಬರಲಿಲ್ಲ. ಮಗಳ ಯೂನಿಫಾರ್ಮಿನ ಅಂಚು ಬಿಚ್ಚಿಸಲು ನಾನು ಅವಳೊಂದಿಗೆ ಹೋದಾಗಲೆಲ್ಲ, "ತಾತ ಚೆನ್ನಾಗಿದಾರಾ ಮರಿ?" ಎಂದು ಕೇಳುತ್ತಾರೆ. ಅವರ ಕುರ್ಚಿ ಈಗಲೂ ಕೋಣೆಯಲ್ಲೇ ಇದೆ. ಅದರ ಮೇಲೆ ಹಳೆಯ ಪೇಪರುಗಳನ್ನು ಪೇರಿಸುತ್ತೇನೆ. ಅದು ಯಾರದು, ಯಾಕೆ ಖಾಲಿ ಎಂದು ಮಗಳು ಕೇಳಿದಾಗ ಹೇಳಿದ್ದೆ.

ಎರಡು ವರ್ಷದ ಹಿಂದೆ ಮಾವನ ಬಲಗೈ ಹೆಬ್ಬೆರಳು ಸೋತಿತು. ನರದ ತೊಂದರೆ, ವಯಸ್ಸಾಯಿತಲ್ಲ ಎಂದರು ಡಾಕ್ಟರು. ನಾನು ಬಾಟಲಿಗಳ ಮುಚ್ಚಳವನ್ನು ಸಡಿಲವಾಗಿ ಮುಚ್ಚಿಡತೊಡಗಿದೆ. ಮಾವ ಅದನ್ನು ಗಮನಿಸದವರಂತೆ ಇದ್ದರು. ಪೆಟ್ಟಿಗೆಯನ್ನು ಮಾತ್ರ ಮೂರು ವಾರ ತೆಗೆಯಲಿಲ್ಲ. ಆಗ ಗಡಿಯಾರದವರು, "ಎಣ್ಣೆ ಹಾಕಿ ಬಹಳ ದಿನ ಆಯ್ತು ಕಣೋ, ತುಕ್ಕು ಹಿಡಿಸ್ತೀಯಾ?" ಎಂದು ಬೈದು ಎರಡೆರಡಾಗಿ ಚಾಕುಗಳನ್ನು ಒಯ್ದರು. ಮರಳಿ ಬಂದ ಚಾಕುಗಳು ಮಾವನ ಉಗುರಿಗೆ ತೆರೆದುಕೊಂಡವು. ಬೆಳಗಿನ ಎಣಿಕೆ ಮತ್ತೆ ಶುರುವಾಯಿತು.

ಮೊದಲು ಗಮನಿಸಿದವಳು ಮಗಳು. "ಅಮ್ಮ, ಮೊದಲು ಟಕ್ ಅಂತಿತ್ತು. ಈಗ ತಪ್ ಅನ್ನುತ್ತೆ. ತಾತನ್ನ ಕೇಳಲಾ?"

"ಬೇಡ," ಎಂದಿದ್ದೆ. ಆಗ ಅವಳಿಗೆ ಆರು ವರ್ಷ. ಈಗ ಎಂಟು ತುಂಬಿದೆ, ಕೇಳಿಲ್ಲ.

ಈಗ ಗಡಿಯಾರದವರು ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಪುಟ್ಟ ಪುಟ್ಟ ಕಾಗದದ ಪೊಟ್ಟಣಗಳು. ಒಂದೊಂದರ ಮೇಲೂ ಪೆನ್ಸಿಲಿನಿಂದ ಬರೆದ ಅಂಕಿ.

"ಎಲ್ಲಾ ಇದೆ ನೋಡಮ್ಮ. ಒಂದೂ ಎಸೆದಿಲ್ಲ. ಹಳೇ ಸ್ಪ್ರಿಂಗ್ ತೆಗೆದು ತೆಳ್ಳಂದು ಮಾಡಿ ಹಾಕಿದೀನಿ. ಮೊಳೆ ಹೊಸದು ಹಾಕಿದ್ರೆ ಹೊಳೆಯುತ್ತೆ, ಸಿಕ್ಕಿಬೀಳ್ತೀನಿ ಅಂತ ಮುರಿದ ಚಾಕುಗಳಿಂದ ಹಳೇ ಮೊಳೆ ಕಿತ್ತು ಹಾಕಿದೆ." ಡಬ್ಬಿ ಮುಚ್ಚಿದರು. "ಬೇರೆ ಯಾರಾದ್ರೂ ಹೀಗೆ ಮಾಡಿದಾರೆ ಅಂತ ಗೊತ್ತಾಗಿದ್ರೆ ನಾನೇ ಅವರ ಅಂಗಡಿ ಮುಂದೆ ನಿಂತು ಬೈದು ಬರ್ತಿದ್ದೆ. ನೂರು ವರ್ಷದ ಚಾಕುವಿನ ಬೆನ್ನು ಮುರಿದ ಹಾಗೆ ಇದು."

ತೊಂದರೆ ಭಾನುವಾರದ್ದು. ವರ್ಷಕ್ಕೊಮ್ಮೆ ಅವರು ಒಬ್ಬರಿಗೊಬ್ಬರು ಒಂದೊಂದು ಚಾಕು ಕೊಡುತ್ತಾರೆ. ಯಾರು ಯಾರಿಗೆ ಎಂದು ಚೀಟಿ ಎತ್ತುತ್ತಾರೆ. ಕೊಡುವವರು ತೆಗೆದು ಕೊಡಬೇಕು, ಪಡೆದವರು ಕೈಯಲ್ಲಿ ಹಿಡಿದು ಮುಚ್ಚಬೇಕು. ಈ ಸಲ ಮಾವನ ಚೀಟಿಯಲ್ಲಿ ಬೈಂಡಿನವರ ಹೆಸರು ಬಂದಿತ್ತು. ಕೊಂಬಿನ ಹಿಡಿಯದನ್ನೇ ಕೊಡುತ್ತೇನೆ ಎಂದು ಮಾವ ಹೇಳಿಬಿಟ್ಟಿದ್ದರು. ಪೆಟ್ಟಿಗೆಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

"ಬೈಂಡಿನವನು ಕೈಗೆ ತಗೊಂಡ ತಕ್ಷಣ ಹೇಳಿಬಿಡ್ತಾನೆ. ಅವನ ಬೆರಳು ಸಾಮಾನ್ಯದ್ದಲ್ಲ, ಕಾಗದ ಮುಟ್ಟಿ ಎಷ್ಟು ಹಾಳೆ ಅಂತ ಹೇಳ್ತಾನೆ. ಅದಕ್ಕೇ ಹಳೇ ಸ್ಪ್ರಿಂಗ್ ವಾಪಸ್ ಹಾಕಿಬಿಡ್ತೀನಿ. ಇವತ್ತು ಅವನ ಎಣಿಕೆ ಮುಗಿದ ಮೇಲೆ ಕೊಟ್ಟರೆ ನಾಳೆ ಎಣಿಕೆಗೆ ಮೊದಲೇ ತಂದುಕೊಡ್ತೀನಿ."

"ಹಾಕಿದ್ರೆ ಭಾನುವಾರ ಅದನ್ನ ತೆಗೆಯೋರು ಯಾರು?" ಎಂದೆ.

ಅವರು ನನ್ನ ಮುಖ ನೋಡಿದರು.

"ತಾತನೇ ತೆಗೀಬೇಕು," ಎಂದಳು ಮಗಳು, ಕೂದಲು ನನ್ನ ಕೈಯಲ್ಲಿದ್ದ ಕಾರಣ ತಲೆ ತಿರುಗಿಸದೆ. "ನಿಯಮ."

ಗಡಿಯಾರದವರು ಟೋಪಿಯನ್ನು ಸುತ್ತ ಸುತ್ತ ತಿರುಗಿಸಿದರು. "ಎರಡು ರಾತ್ರಿ ನಿದ್ದೆಗೆಟ್ಟು ಯೋಚನೆ ಮಾಡಿದೀನಮ್ಮ," ಎಂದರು. "ಇದು ತಲೆಗೇ ಹೊಳೀಲಿಲ್ಲ."

ಮಾವನ ಸ್ವಭಾವ ನಮಗೆ ಗೊತ್ತಿತ್ತು. ತಿಳಿದರೆ ಜಗಳವಾಡುವುದಿಲ್ಲ. ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕುತ್ತಾರೆ. ಭಾನುವಾರದ ಮಾತು, ನಗು, ಬೈಗುಳ ಇಷ್ಟನ್ನು ತೆಗೆದುಬಿಟ್ಟರೆ ಅವರ ವಾರದಲ್ಲಿ ಉಳಿಯುವುದು ಪೇಪರು ಮತ್ತು ಮಾತ್ರೆ.

ನೀರಿನ ಸದ್ದು ನಿಂತಿತು. ಅವರು ಡಬ್ಬಿಯನ್ನು ಜೇಬಿಗೆ ತುರುಕಿ, "ಬೇರೆ ಯಾವುದಾದ್ರೂ ಕೊಡೋ ಹಾಗೆ ಮಾಡಮ್ಮ," ಎಂದು ಬಂದ ದಾರಿಯಲ್ಲೇ ಹೋದರು.

ಜಡೆ ಮುಗಿಸಿದೆ. ಮೊದಲನೆಯದಕ್ಕಿಂತ ಬಿಗಿಯಾಯಿತು. ಮಗಳು ಕನ್ನಡಿ ನೋಡಿಕೊಂಡಳು.

"ಅಮ್ಮ, ನಾನು ತಾತನ್ನ ಒಂದು ಕೇಳಬೇಕು."

"ಅದೇನಾ? ಟಕ್ಕು, ತಪ್ಪು?"

"ಅಲ್ಲ. ಬೇರೆ."

"ಏನು, ನಂಗೆ ಹೇಳು."

"ತಾತನ್ನೇ ಕೇಳಬೇಕು."

"ಭಾನುವಾರ ಕಳೀಲಿ," ಎಂದೆ. ಬ್ಯಾಗು ಏರಿಸಿಕೊಂಡು ಹೋದಳು.

ತಿಂಡಿಯ ಹೊತ್ತಿನಲ್ಲಿ ಮಾವನ ಮುಂದೆ ಮಾತು ತೆಗೆದೆ. "ಕೊಂಬಿನದು ಮನೇಲೇ ಇರಲಿ ಮಾವ. ನಿಮಗೆ ಅಷ್ಟು ಇಷ್ಟದ್ದು. ಮೂಳೆ ಹಿಡಿಯದನ್ನ ಕೊಡಿ."

ಅವರು ಚಮಚವನ್ನು ಎಡಗೈಯಲ್ಲಿ ಹಿಡಿದಿದ್ದರು. ಈಚೆಗೆ ಹಾಗೇ. "ಬೇಡವಾದ್ದನ್ನ ಕೊಟ್ಟರೆ ಅದು ಕೊಟ್ಟ ಹಾಗಾ? ಜಾಗ ಖಾಲಿ ಮಾಡಿದ ಹಾಗೆ," ಎಂದರು. "ನಿಂಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ," ಎಂದು ತಟ್ಟೆ ಎತ್ತಿಕೊಂಡೆ.

ಭಾನುವಾರ ಬಂತು. ನನ್ನ ಯಜಮಾನರಿಗೆ ಡ್ಯೂಟಿ ಇತ್ತು. ಮೇಜು ಒರೆಸಿ ಬಟ್ಟೆ ಹಾಸಿದೆ. ಗಡಿಯಾರದವರು ಆ ದಿನ ಬೀದಿಯಲ್ಲಿ ಕೂಗಲಿಲ್ಲ. ಬೈಂಡಿನವರು ಬಾಗಿಲಲ್ಲೇ, "ಏನು ಗಡಿಯಾರ ನಿಂತುಹೋಗಿದೆ? ಕೀ ಕೊಟ್ಟಿಲ್ವಾ ಮನೇಲಿ?" ಎಂದು ಕೆಣಕಿದರು. ಬೈಂಡಿನವರು ದಪ್ಪಗಿನ ಮನುಷ್ಯ, ಬೆರಳ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು.

ಮೊದಲು ಬೈಂಡಿನವರು ಗಡಿಯಾರದವರಿಗೆ ಕೊಟ್ಟರು, ಆಮೇಲೆ ಗಡಿಯಾರದವರು ಮಾವನಿಗೆ ಕೊಟ್ಟರು. ಅದೂ ಸುಲಭವಾಗಿ ಮುಚ್ಚಿಕೊಳ್ಳುವಂಥದ್ದೇ. ಕೊನೆಗೆ ಮಾವ ಕೊಂಬಿನ ಹಿಡಿಯದನ್ನು ಎತ್ತಿಕೊಂಡರು. ಉಗುರು ಗೀರಿಗಿಟ್ಟು ಎಳೆದರು. ಅಲಗು ಹೊರಗೆ ಬಂತು. ಹಿಡಿಯನ್ನು ಮುಂದೆ ಮಾಡಿ ಚಾಚಿದರು.

ಬೈಂಡಿನವರು ಹಿಡಿದುಕೊಂಡರು. ಅಲಗನ್ನು ಅರ್ಧ ಮಡಚಿದರು. ಕೈ ನಿಂತಿತು. ಅವರ ಕಣ್ಣು ಒಮ್ಮೆ ಗಡಿಯಾರದವರ ಕಡೆ ಹೋಯಿತು. ಗಡಿಯಾರದವರು ಚಹಾದ ಲೋಟದೊಳಗೆ ನೋಡುತ್ತಿದ್ದರು. ಆಮೇಲೆ ಆ ಕಣ್ಣು ಮಾವನ ಹೆಬ್ಬೆರಳ ಮೇಲೆ ಬಂದು ಅಲ್ಲೇ ಉಳಿಯಿತು. ಬೈಂಡಿನವರು ಅಲಗನ್ನು ಪೂರ್ತಿ ಮುಚ್ಚಿದರು. ಟಕ್ ಎಂದು ಗಟ್ಟಿಯಾಗಿ ಕೇಳಿಸಿತು.

ನಾನು ಅವರ ಎದುರಿಗೇ ನಿಂತಿದ್ದೆ. ಅವರ ಕೆನ್ನೆ ಅಲುಗಿದ್ದನ್ನು ನೋಡಿದೆ. ಸದ್ದು ಮಾಡಿದ್ದು ನಾಲಿಗೆ.

"ಚಿನ್ನದಂಥ ಚಾಕು ಮೇಷ್ಟ್ರೇ," ಎಂದರು.

ಮಾವ ಕನ್ನಡಕ ತೆಗೆದು ಬಟ್ಟೆಯ ಅಂಚಿನಿಂದ ಒರೆಸಿದರು.

"ನಲವತ್ತು ವರ್ಷದಿಂದ ಈ ಸದ್ದು ಕೇಳ್ತಾ ಇದೀನಿ ಮಾರಾಯ," ಎಂದರು. "ಉಕ್ಕು ಯಾವುದು ನಾಲಿಗೆ ಯಾವುದು ಅಂತ ಗೊತ್ತಾಗಲ್ವಾ ನಂಗೆ?"

ಬೈಂಡಿನವರು ತಲೆ ತಗ್ಗಿಸಿದರು. ಗಡಿಯಾರದವರು, "ನಾನೇ ಕಣೋ ಮಾಡಿದ್ದು," ಎಂದರು. "ಬೈಯೋದಿದ್ರೆ ಬೈದುಬಿಡು. ಹಳೇದೆಲ್ಲಾ ಇದೆ, ನಂಬರ್ ಹಾಕಿ ಇಟ್ಟಿದೀನಿ."

"ಗೊತ್ತು. ಮೊದಲನೇ ದಿನಾನೇ ಗೊತ್ತಾಯ್ತು. ಸತ್ತುಹೋಗಿದ್ದ ಬೆರಳಿಗೆ ಎಣ್ಣೆಯಿಂದ ಶಕ್ತಿ ಬರುತ್ತೇನೋ?"

"ಮತ್ತೆ ಎರಡು ವರ್ಷ ಸುಮ್ನಿದ್ದೆ?"

"ನಿಮ್ಮ ಜೊತೆ ಕೂರೋ ಆಸೆ," ಎಂದರು ಮಾವ. ಪಾಠ ಹೇಳುವ ದನಿಯಲ್ಲೇ ಹೇಳಿದರು. "ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಚಾಕುನೇ ಹೇಳಲಿ ಅಂತ ಇದನ್ನ ಆರಿಸಿದೆ. ಇವನು ನೋಡಿದ್ರೆ ಅದರ ಬಾಯಿನೂ ಮುಚ್ಚಿದ." ಪೆಟ್ಟಿಗೆಯ ಮುಚ್ಚಳ ಎಳೆದರು. "ನಿಯಮ ಮಾಡಿದೋನು ನಾನು. ಇನ್ನು ಮೇಲೆ ಭಾನುವಾರ ನಾನು ಬರಲ್ಲ."

"ಎಲ್ಲಿಗೆ ಬರಲ್ಲ?" ಎಂದರು ಗಡಿಯಾರದವರು. "ಇದು ನಿನ್ನ ಮನೆ. ನಾವು ಬರಬೇಕು, ನೀನು ಇದ್ದೇ ಇರ್ತೀಯ."

"ಒಳಗೆ ಇರ್ತೀನಿ. ನೀವಿಬ್ಬರೂ ಇಲ್ಲಿ ಕೂತ್ಕೊಳ್ಳಿ."

ಹೇಳಿದಂತೆ ಮಾಡುವವರು. ಮೇಜಿಗೆ ಕೈಯೂರಿ ಎದ್ದು ನಿಂತರು, ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡರು. ದರ್ಜಿಗೆ ಹೇಳಿದ ಮಾತನ್ನು ಈಗ ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ಆ ಮೂವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಕುರ್ಚಿಯ ಹತ್ತಿರ ಸದ್ದಾಯಿತು. ನೋಡಿದರೆ ಮಗಳು, ದರ್ಜಿಯ ಕುರ್ಚಿಯ ಮೇಲಿನ ಹಳೆಯ ಪೇಪರುಗಳನ್ನು ತೆಕ್ಕೆ ತೆಕ್ಕೆಯಾಗಿ ಎತ್ತಿ ನೆಲಕ್ಕೆ ಇಳಿಸುತ್ತಿದ್ದಳು. ಕೈಯೆಲ್ಲ ಶಾಯಿಯಾಗಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ. ಕೈಗಳನ್ನು ಲಂಗಕ್ಕೆ ಒರೆಸಿಕೊಂಡು, ತಾತನ ದಾರಿಗೆ ಅಡ್ಡ ಬಂದು ನಿಂತಳು.

"ತಾತ, ದರ್ಜಿ ತಾತನ ಚಾಕುಗೂ ಇವರು ಹೀಗೇ ಮೆತ್ತಗಿನ ಸ್ಪ್ರಿಂಗ್ ಹಾಕಿಕೊಟ್ರೆ, ಅವರೂ ಬರಬಹುದಲ್ವಾ?"